ಅಜ್ಜನ ನೋಟ್‌ಬುಕ್‌ನಲ್ಲಿ 39 ಅಂಕಿಯ ಒಂದು ಸಂಖ್ಯೆ ಸಿಕ್ಕಿದೆ, ಇದೆಂತದು?

ಕಲ್ಯಾಣಪುರದ ಮೊಮ್ಮಗಳು · ಶನಿವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಲೆಕ್ಕ ಗೊತ್ತಿರುವವರು ಸ್ವಲ್ಪ ಸಹಾಯ ಮಾಡಿ.

ಕಲ್ಯಾಣಪುರದ ನಮ್ಮ ಹಳೇ ಮನೆಯ ಮಾಡು ರಿಪೇರಿ ಆಗುತ್ತಾ ಉಂಟು. ಮಳೆ ಹಿಡಿಯುವ ಮೊದಲು ಹಂಚು ಹೊದಿಸಿ ಮುಗಿಸಬೇಕು ಅಂತ ಅಟ್ಟ ಖಾಲಿ ಮಾಡಿದೆವು. ಒಂದು ಟ್ರಂಕಿನಲ್ಲಿ ಅಜ್ಜನ ನೋಟ್‌ಬುಕ್‌ಗಳು ಸಿಕ್ಕಿದವು. ಅಜ್ಜ ಹೈಸ್ಕೂಲಿನಲ್ಲಿ ಲೆಕ್ಕದ ಮಾಸ್ಟ್ರು. ನನಗೆ ಆರು ವರ್ಷ ಆಗುವಾಗ ತೀರಿಕೊಂಡರು. ನನಗೆ ನೆನಪಿರುವುದು ಅವರ ನಶ್ಯದ ಡಬ್ಬಿ ಮತ್ತು ಬೈಗುಳ ಮಾತ್ರ.

ಒಂದು ಪುಸ್ತಕದ ಮೇಲೆ "ಜೂನ್ 1974" ಅಂತ ಉಂಟು. ಒಳಗೆ 2, 4, 8, 16 ಅಂತ ಶುರು. ಇಮ್ಮಡಿ ಮಾಡುತ್ತಾ ಹೋಗಿದ್ದಾರೆ, ಅಷ್ಟು ನನಗೂ ಗೊತ್ತಾಯಿತು. ಸಾಲು ಸಾಲು. ಪ್ರತಿ ಸಾಲಿಗೂ ನಂಬರ್ ಹಾಕಿದ್ದಾರೆ, 127ರವರೆಗೆ. ಬಲಗಡೆ ಎಲ್ಲ ನೇರ ಗೀಟು ಎಳೆದ ಹಾಗೆ, ಎಡಗಡೆ ಮೆಟ್ಟಿಲು ಹತ್ತಿದ ಹಾಗೆ. ಅಂಚಿನಲ್ಲಿ ಪೆನ್ಸಿಲಿನಲ್ಲಿ ಸಣ್ಣಕ್ಕೆ 2, 4, 8, 7, 5, 1, ಮತ್ತೆ 2, 4, 8, 7, 5, 1, ಹಾಗೇ ಮುಂದೆ. ಅಮ್ಮ ಹೇಳುವುದು ಅದು ಯಾರದೋ ಫೋನ್ ನಂಬರ್ ಅಂತ. ಇಪ್ಪತ್ತೊಂದು ಸಲ ಯಾರಾದರೂ ಫೋನ್ ನಂಬರ್ ಬರೆಯುತ್ತಾರಾ?

ಕೊನೆಗೆ ಚೌಕ ಹಾಕಿ, ಎರಡು ಗೀಟು ಎಳೆದು ಇದನ್ನು ಬರೆದಿದ್ದಾರೆ:

170141183460469231731687308715884105727

ಪಕ್ಕದಲ್ಲಿ "ಅವಿಭಾಜ್ಯ. ಲೂಕಾಸ್, 1876". ಕೆಳಗೆ "2, 3, 7, 127, ಇದು. ಮುಂದೆ?" ಅಂತ ಒಂದು ಸಾಲು. ಇದೆಂತದು ಅಂತ ಯಾರಾದರೂ ಹೇಳುತ್ತೀರಾ?

ಗೋಳಿಬಜೆ ಪ್ಲೇಟು · ರಾತ್ರಿ 9.52

ಮೊಬೈಲಿನ ಕ್ಯಾಲ್ಕುಲೇಟರಿಗೆ ಹಾಕಿ ನೋಡಿ ಅಕ್ಕ, ಸುಮ್ನೆ ಯಾಕೆ ತಲೆಬಿಸಿ.

ಕಲ್ಯಾಣಪುರದ ಮೊಮ್ಮಗಳು · ರಾತ್ರಿ 9.55

ಹಾಕಿದೆ. 1.7014118ಇ38 ಅಂತ ತೋರಿಸಿ ಕೈ ಬಿಟ್ಟಿತು.

ಪಿಯು ಸೈನ್ಸ್ · ರಾತ್ರಿ 10.20

ಅಕ್ಕ, ಬೇಜಾರು ಮಾಡಬೇಡಿ. ಇದು ಅವಿಭಾಜ್ಯ ಅಲ್ಲ. ಅಂಕಿ ಎಲ್ಲ ಕೂಡಿಸಿದರೆ 159 ಬರುತ್ತದೆ. 159 ಅಂದರೆ 3 × 53. ಹಾಗಾಗಿ ಇಡೀ ಸಂಖ್ಯೆ 3ರಿಂದ ಭಾಗವಾಗುತ್ತದೆ.

ಅಷ್ಟೇ ಅಲ್ಲ. ಬಲದಿಂದ ಒಂದು ಬಿಟ್ಟು ಒಂದು ಕೂಡಿಸಿದರೆ 85, ಉಳಿದವು 74. ವ್ಯತ್ಯಾಸ 11. ಅಂದರೆ 11ರಿಂದಲೂ ಭಾಗವಾಗುತ್ತದೆ. 39 ಅಂಕಿಯ ಸಂಖ್ಯೆ ಎರಡು ನಿಮಿಷದಲ್ಲಿ ಬಿದ್ದುಹೋಯಿತು. ಅಜ್ಜ ಎಲ್ಲೋ ತಪ್ಪಿದ್ದಾರೆ.

ಕಲ್ಯಾಣಪುರದ ಮೊಮ್ಮಗಳು · ರಾತ್ರಿ 10.31

ಅಯ್ಯೋ. ಒಂದು ಸೊನ್ನೆ ಬಿಟ್ಟರೆ ಮಕ್ಕಳ ಕಿವಿ ಹಿಂಡುತ್ತಿದ್ದ ಮನುಷ್ಯ ಅಂತ ಊರಿಡೀ ಹೇಳುತ್ತಾರೆ. ಅಮ್ಮನಿಗೆ ಈಗ ಹೇಳುವುದಿಲ್ಲ.

ಬಂದರು ರಸ್ತೆ · ರಾತ್ರಿ 10.45

ಉಡುಪಿಯವರಿಗೂ ಅವಿಭಾಜ್ಯಕ್ಕೂ ಆಗಿಬರುವುದಿಲ್ಲ ಮಾರಾಯ್ರೆ. ನಿಮ್ಮ ಗಾಡಿ ನಂಬರೇ ನೋಡಿ, ಕೆಎ 20. ಎರಡರಿಂದ ಹೋಗುತ್ತದೆ, ನಾಲ್ಕರಿಂದ ಹೋಗುತ್ತದೆ, ಐದರಿಂದ, ಹತ್ತರಿಂದ, ಯಾರು ಕೇಳಿದರೂ ಪಾಲು. ನಮ್ಮ ಮಂಗಳೂರಿನ 19 ಉಂಟಲ್ಲ, ಅದು ಪ್ರೈಮ್.

ಗೋಳಿಬಜೆ ಪ್ಲೇಟು · ರಾತ್ರಿ 10.47

ಪುತ್ತೂರಿನ 21 ಎಲ್ಲಿ ಹೋಯಿತು ಸ್ವಾಮಿ?

ನಿವೃತ್ತ ಮಾಸ್ಟ್ರು · ರಾತ್ರಿ 11.10

ಪಿಯು ಸೈನ್ಸ್, ನಿನ್ನ ಲೆಕ್ಕ ಸರಿ ಉಂಟು ಮಗಾ. 3 ಮತ್ತು 11, ಎರಡೂ ಸರಿ. ಆದರೆ ತೀರ್ಪು ಸ್ವಲ್ಪ ಬೇಗ ಆಯಿತು.

ಇಮ್ಮಡಿ ಮಾಡುತ್ತಾ ಹೋದ ಪುಸ್ತಕ, 127 ಸಾಲು, ಕೊನೆಗೆ ಚೌಕದಲ್ಲಿ 727. ಅಂದರೆ ಅವರು ಬರೆದದ್ದು 2ರ 127ನೇ ಘಾತದಿಂದ 1 ಕಳೆದ ಸಂಖ್ಯೆ. ಈಗ ಯೋಚನೆ ಮಾಡು. 2, 4, 8, 16 ಇವನ್ನು 3ರಿಂದ ಭಾಗಿಸಿದರೆ ಶೇಷ 2, 1, 2, 1 ಹೀಗೆ ಬರುತ್ತದೆ. ಬೆಸ ಸಾಲಿನಲ್ಲಿ ಯಾವಾಗಲೂ 2. 127 ಬೆಸ. ಒಂದು ಕಳೆದರೆ ಶೇಷ 1. ಆ ಸಂಖ್ಯೆ 3ರಿಂದ ಭಾಗವಾಗಲು ಸಾಧ್ಯವೇ ಇಲ್ಲ. ಹಾಗಾದರೆ ಇಲ್ಲಿ ಟೈಪ್ ಆದದ್ದು ಆ ಸಂಖ್ಯೆ ಅಲ್ಲ.

ಮಗಳೇ, ನಾಳೆ ಬೆಳಕಿನಲ್ಲಿ ಇನ್ನೊಮ್ಮೆ ಪುಸ್ತಕ ನೋಡು. 127ನೇ ಸಾಲಿನ ಅಂಚಿನಲ್ಲಿ ಪೆನ್ಸಿಲಿನಲ್ಲಿ ಎಷ್ಟು ಬರೆದಿದ್ದಾರೆ ಹೇಳು. ಕಂಪ್ಯೂಟರಿನವರು ಯಾರೂ ಉತ್ತರ ಹಾಕಬೇಡಿ, ದಯವಿಟ್ಟು.

ಮಣಿಪಾಲ್ ಕೋಡರ್ · ರಾತ್ರಿ 11.14

ಬೆರಳು ಕೀಬೋರ್ಡಿನ ಮೇಲೇ ಉಂಟು ಮಾಸ್ಟ್ರೆ. ಹಿಡಿದುಕೊಂಡಿದ್ದೇನೆ.

ಕಲ್ಯಾಣಪುರದ ಮೊಮ್ಮಗಳು · ಭಾನುವಾರ ಬೆಳಿಗ್ಗೆ 8.05

ಮಾಸ್ಟ್ರೆ, ಅಂಚಿನಲ್ಲಿ 2. ಚೌಕದ ಪಕ್ಕ 1.

ನಿವೃತ್ತ ಮಾಸ್ಟ್ರು · ಬೆಳಿಗ್ಗೆ 8.20

ಅದೇ. ಅದು ಫೋನ್ ನಂಬರ್ ಅಲ್ಲ ಅಂತ ಅಮ್ಮನಿಗೆ ಹೇಳು. ನಮ್ಮ ಕಾಲದ ಮಾಸ್ಟ್ರುಗಳಿಗೆಲ್ಲ ಈ ಅಭ್ಯಾಸ ಇತ್ತು. ಸಂಖ್ಯೆಯ ಅಂಕಿಗಳನ್ನು ಕೂಡಿಸು, ಬಂದದ್ದನ್ನು ಮತ್ತೆ ಕೂಡಿಸು, ಒಂದೇ ಅಂಕಿ ಉಳಿಯುವವರೆಗೆ. 9ರಿಂದ ಭಾಗಿಸಿದರೆ ಬರುವ ಶೇಷ ಅದು. 2ರ ಘಾತಗಳಿಗೆ ಈ ಶೇಷ 2, 4, 8, 7, 5, 1 ಅಂತ ಬಂದು ಆರು ಸಾಲಿಗೊಮ್ಮೆ ತಿರುಗುತ್ತದೆ. ನಿನ್ನ ಅಜ್ಜ ಪ್ರತಿ ಸಾಲು ಇಮ್ಮಡಿ ಮಾಡಿದ ಮೇಲೆ ಅಂಕಿ ಕೂಡಿಸಿ ತಾಳೆ ನೋಡಿದ್ದಾರೆ. 127ನ್ನು 6ರಿಂದ ಭಾಗಿಸಿದರೆ ಶೇಷ 1, ಹಾಗಾಗಿ ಮೊದಲ ಸಾಲಿನದ್ದೇ 2. ಒಂದು ಕಳೆದು ಚೌಕಕ್ಕೆ 1.

ನೀನು ಟೈಪ್ ಮಾಡಿದ್ದರಲ್ಲಿ 159. 1+5+9=15, 1+5=6. ಬರಬೇಕಾದದ್ದು 1, ಬಂದದ್ದು 6. ಐದು ಜಾಸ್ತಿ. ಯಾವ ಅಂಕಿಯನ್ನು ಐದು ಜಾಸ್ತಿ ಮಾಡಿ ಓದಿರಬಹುದು?

ಪಿಯು ಸೈನ್ಸ್ · ಬೆಳಿಗ್ಗೆ 8.41

3ನ್ನು 8 ಅಂತ!

11ರ ಲೆಕ್ಕದಿಂದಲೂ ನೋಡಿದೆ. 2ರ 127ನೇ ಘಾತವನ್ನು 11ರಿಂದ ಭಾಗಿಸಿದರೆ ಶೇಷ 7, ಒಂದು ಕಳೆದರೆ 6. ಅಕ್ಕನ ಸಂಖ್ಯೆಯಲ್ಲಿ 11, ಅಂದರೆ ಶೇಷ 0. ಅಲ್ಲೂ ಐದೇ ವ್ಯತ್ಯಾಸ. ಹಾಗಾಗಿ ತಪ್ಪಾದ 8 ಬಲದಿಂದ ಬೆಸ ಸ್ಥಾನದಲ್ಲಿ ಇರಬೇಕು.

ಕಲ್ಯಾಣಪುರದ ಮೊಮ್ಮಗಳು · ಬೆಳಿಗ್ಗೆ 9.15

ಸಿಕ್ಕಿತು. ಎಡದಿಂದ 27ನೇ ಅಂಕಿ. ಪುಟ ತುಂಬ ಬೂಸ್ಟು ಹಿಡಿದಿದೆ. 3ರ ಎಡಗಡೆ ಎರಡು ಕಪ್ಪು ಚುಕ್ಕಿ ಕೂತು ಸರೀ 8ರ ಹಾಗೆ ಕಾಣುತ್ತದೆ. ಬಟ್ಟೆಯಲ್ಲಿ ಮೆಲ್ಲ ಒರೆಸಿದೆ, ಚುಕ್ಕಿ ಹೋಯಿತು, 3 ಉಳಿಯಿತು.

ಮೇಲಿನ ಸಾಲುಗಳನ್ನೂ ನೋಡಿದೆ. 126ನೇ ಸಾಲಿನಲ್ಲಿ ಅದೇ ಜಾಗದಲ್ಲಿ 651857 ಉಂಟು. ಅದರ ಇಮ್ಮಡಿ 1303714, ಬಲಗಡೆಯಿಂದ ದಶಕ 1 ಬಂದು 1303715. ಅಂದರೆ 303 ಸರಿ, 308 ಅಲ್ಲ. ಸರಿಯಾದ ಸಂಖ್ಯೆ:

170141183460469231731687303715884105727

ತಪ್ಪು ಅಜ್ಜನದ್ದಲ್ಲ, ನನ್ನ ಕಣ್ಣಿನದ್ದು. ಅಮ್ಮನಿಗೆ ಈಗ ಹೇಳಬಹುದು.

ಮಣಿಪಾಲ್ ಕೋಡರ್ · ಬೆಳಿಗ್ಗೆ 9.18

ಈಗ ಎಂಟರ್ ಒತ್ತಿದೆ. ಪೈಥಾನ್ ಕೂಡ ಅದನ್ನೇ ಕೊಟ್ಟಿತು, 39 ಅಂಕಿಯೂ ತಾಳೆ. ಅಜ್ಜನಿಗೆ ದೊಡ್ಡ ನಮಸ್ಕಾರ.

ಈ ಸಂಖ್ಯೆ ನಮಗೆ ಬೇರೆ ಕಡೆಯಿಂದ ಪರಿಚಯ. 128 ಬಿಟ್‌ನಲ್ಲಿ ಧನ, ಋಣ ಎರಡನ್ನೂ ಬರೆಯುವುದಾದರೆ ಹಿಡಿಸುವ ಅತಿ ದೊಡ್ಡ ಪೂರ್ಣಾಂಕ ಇದೇ. ಬೈನರಿಯಲ್ಲಿ ಬರೆದರೆ ಬರೀ 127 ಒಂದುಗಳು, ನಡುವೆ ಒಂದು ಸೊನ್ನೆಯೂ ಇಲ್ಲ.

ಬಂದರು ರಸ್ತೆ · ಬೆಳಿಗ್ಗೆ 9.40

ಇದನ್ನು ಕನ್ನಡದಲ್ಲಿ ಓದುವುದು ಹೇಗೆ? ಲಕ್ಷ, ಕೋಟಿ ಆದ ಮೇಲೆ ಎಂತ?

ನಿವೃತ್ತ ಮಾಸ್ಟ್ರು · ಬೆಳಿಗ್ಗೆ 10.02

ಸುಮಾರು ಸಾವಿರದ ಏಳುನೂರ ಒಂದು ಕೋಟಿ ಕೋಟಿ ಕೋಟಿ ಕೋಟಿ ಕೋಟಿ. ಐದು ಸಲ ಕೋಟಿ. ಉಸಿರು ಹಿಡಿದು ಹೇಳಬೇಕು.

ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಕೊನೆಯದು ಮಹಾಕ್ಷೋಭ. ಒಂಬತ್ತನೇ ಶತಮಾನದಲ್ಲಿ ಅಷ್ಟು ದೂರ ಹೋದದ್ದೇ ದೊಡ್ಡದು. ಈ ಸಂಖ್ಯೆಗೆ ಅದೂ ಸಾಲುವುದಿಲ್ಲ, ಇನ್ನೂ 15 ಹೆಸರು ಬೇಕು.

ಗೋಳಿಬಜೆ ಪ್ಲೇಟು · ಬೆಳಿಗ್ಗೆ 10.30

ಸರಿ, 3ರಿಂದ ಹೋಗುವುದಿಲ್ಲ, 11ರಿಂದ ಹೋಗುವುದಿಲ್ಲ. ಆದರೆ ಯಾವುದರಿಂದಲೂ ಹೋಗುವುದಿಲ್ಲ ಅಂತ ಹೇಗೆ ಗೊತ್ತು? ಎಲ್ಲದರಿಂದ ಭಾಗಿಸಿ ನೋಡಿದರಾ? 1876ರಲ್ಲಿ ಕರೆಂಟೇ ಇರಲಿಲ್ಲ ಅಲ್ವಾ.

ಮಣಿಪಾಲ್ ಕೋಡರ್ · ಬೆಳಿಗ್ಗೆ 10.44

ಒಂದೊಂದೇ ಭಾಗಿಸಿ ನೋಡುವುದಾದರೆ ವರ್ಗಮೂಲದವರೆಗೆ ಹೋಗಬೇಕು. ಇದರ ವರ್ಗಮೂಲವೇ 20 ಅಂಕಿ. ಸೆಕೆಂಡಿಗೆ ನೂರು ಕೋಟಿ ಭಾಗಾಕಾರ ಮಾಡುವ ಯಂತ್ರ ಇಟ್ಟುಕೊಂಡರೂ 400 ವರ್ಷಕ್ಕಿಂತ ಜಾಸ್ತಿ ಬೇಕು.

ಒಂದು ಅಡ್ಡದಾರಿ ಉಂಟು. ಇಂಥ ಸಂಖ್ಯೆಗೆ ಭಾಜಕ ಇದ್ದರೆ ಅದು 254ರ ಗುಣಕಕ್ಕೆ 1 ಕೂಡಿಸಿದ ರೂಪದಲ್ಲೇ ಇರಬೇಕು. 254 ಅಂದರೆ 127ರ ಇಮ್ಮಡಿ. ಜೊತೆಗೆ 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಬರಬೇಕು. ಇವೆರಡನ್ನು ಹಾಕಿದರೆ 400 ವರ್ಷ ಹತ್ತು ತಿಂಗಳಿಗೆ ಇಳಿಯುತ್ತದೆ. ಯಂತ್ರಕ್ಕೆ ಹತ್ತು ತಿಂಗಳು. ಕೈಯಲ್ಲಿ ಮಾಡುವವನಿಗೆ ಇದೂ ಆಗದ ಮಾತು.

ಪಿಯು ಸೈನ್ಸ್ · ಬೆಳಿಗ್ಗೆ 10.50

2ರ ಘಾತ ಅವಿಭಾಜ್ಯ ಆಗಿದ್ದರೆ ಸಾಕು, ಒಂದು ಕಳೆದರೆ ಅವಿಭಾಜ್ಯ ಬರುತ್ತದೆ ಅಂತ ಅಂದುಕೊಂಡಿದ್ದೆ. 3, 7, 31, 127 ಎಲ್ಲ ಹಾಗೇ ಅಲ್ವಾ?

ನಿವೃತ್ತ ಮಾಸ್ಟ್ರು · ಬೆಳಿಗ್ಗೆ 11.05

ಮತ್ತೆ ಅವಸರ. 11ನೇ ಘಾತ ಹಾಕಿ ನೋಡು. 2047. ಅದು 23 × 89. (ಕೋಡರ್ ಹೇಳಿದ ರೂಪವೂ ಇಲ್ಲೇ ಕಾಣುತ್ತದೆ: 23 ಅಂದರೆ 22+1, 89 ಅಂದರೆ 88+1.) ಘಾತ ಅವಿಭಾಜ್ಯ ಆಗಿರಲೇಬೇಕು, ಆದರೆ ಅಷ್ಟೇ ಸಾಲುವುದಿಲ್ಲ. ಬಂದರು ರಸ್ತೆಯವರು ಕುಣಿಯಬಹುದು, ಅವರ 19ನೇ ಘಾತಕ್ಕೆ ಮಾತ್ರ ಪಾಸಾಗಿದೆ: 524287 ಅವಿಭಾಜ್ಯ.

ಈ ಜಾತಿಯ ಸಂಖ್ಯೆಗಳಿಗೆ ಮರ್ಸೆನ್ ಸಂಖ್ಯೆ ಅಂತ ಹೆಸರು. ಮರ್ಸೆನ್ ಫ್ರಾನ್ಸಿನ ಒಬ್ಬ ಸನ್ಯಾಸಿ. 1644ರಲ್ಲಿ ಪಟ್ಟಿ ಕೊಟ್ಟರು: 257ರವರೆಗೆ ಈ ಘಾತಗಳು ಮಾತ್ರ ಅಂತ. ಅದರಲ್ಲಿ 67 ಮತ್ತು 257 ತಪ್ಪು. 61, 89, 107 ಬಿಟ್ಟುಹೋಗಿದ್ದವು. ಒಟ್ಟು ಐದು ತಪ್ಪು, ಆದರೂ ಹೆಸರು ಅವರದ್ದೇ ಉಳಿಯಿತು. 127 ಅವರು ಹೇಳಿದ ಹಾಗೇ ನಿಂತಿತು, ಆದರೆ ಅದನ್ನು ಸಾಧಿಸಿ ತೋರಿಸಲು 232 ವರ್ಷ ಬೇಕಾಯಿತು.

ತೋರಿಸಿದವರು ಎದುವಾರ್ ಲೂಕಾಸ್. ಅವರ ದಾರಿಯನ್ನು ಲೆಹ್ಮರ್ ಎಂಬವರು 1930ರಲ್ಲಿ ಚೊಕ್ಕ ಮಾಡಿದರು. ಭಾಗಾಕಾರದ ಬೇಟೆ ಬೇಡ. 4ರಿಂದ ಶುರು ಮಾಡು. ವರ್ಗ ಮಾಡಿ 2 ಕಳೆ. ಬಂದದ್ದನ್ನು ನಮ್ಮ ಸಂಖ್ಯೆಯಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೋ. ಮತ್ತೆ ವರ್ಗ, ಮತ್ತೆ 2 ಕಳೆ. ಘಾತಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡು. ಕೊನೆಗೆ ಶೇಷ ಸೊನ್ನೆ ಬಂದರೆ ಅವಿಭಾಜ್ಯ. ಬಾರದಿದ್ದರೆ ಅಲ್ಲ.

127ನ್ನೇ ಮಾಡಿ ತೋರಿಸುತ್ತೇನೆ. ಅದು 2ರ 7ನೇ ಘಾತಕ್ಕೆ ಒಂದು ಕಡಿಮೆ, ಹಾಗಾಗಿ ಐದು ಹೆಜ್ಜೆ. 4. ವರ್ಗ 16, ಎರಡು ಕಳೆದು 14. ವರ್ಗ 196, ಕಳೆದು 194, ಅದರಲ್ಲಿ 127 ಹೋಗಿ 67. 67ರ ವರ್ಗ 4489, ಕಳೆದು 4487, ಶೇಷ 42. 42ರ ವರ್ಗ 1764, ಕಳೆದು 1762, ಶೇಷ 111. 111ರ ವರ್ಗ 12321, ಕಳೆದು 12319. ಅದು ಸರೀ 127 × 97. ಶೇಷ ಸೊನ್ನೆ.

ನಿನ್ನ ಅಜ್ಜನ 39 ಅಂಕಿಯ ಸಂಖ್ಯೆಗೆ ಇಂಥ 125 ಹೆಜ್ಜೆ ಬೇಕು. ಪ್ರತಿ ಹೆಜ್ಜೆಗೂ 39 ಅಂಕಿಯದ್ದನ್ನು 39 ಅಂಕಿಯದ್ದರಿಂದ ಗುಣಿಸಬೇಕು.

ಬಂದರು ರಸ್ತೆ · ಬೆಳಿಗ್ಗೆ 11.20

ಆ ಮನುಷ್ಯನಿಗೆ ಬೇರೆ ಕೆಲಸ ಇರಲಿಲ್ಲವಾ ಮಾಸ್ಟ್ರೆ?

ನಿವೃತ್ತ ಮಾಸ್ಟ್ರು · ಬೆಳಿಗ್ಗೆ 11.31

ಇತ್ತು, ಅವರೂ ಮಾಸ್ಟ್ರೇ. ಮೂರು ಕಂಬದಲ್ಲಿ ಬಿಲ್ಲೆ ದಾಟಿಸುವ ಹನೋಯಿ ಗೋಪುರದ ಆಟ ಉಂಟಲ್ಲ, ಅದು ಕೂಡ ಅವರದ್ದೇ. ಈ ಲೆಕ್ಕಕ್ಕೂ ಅಡ್ಡ 127, ಉದ್ದ 127 ಮನೆಯ ಹಲಗೆ ಇಟ್ಟುಕೊಂಡು ಬೈನರಿಯಲ್ಲಿ ಮಾಡುವ ಉಪಾಯ ಹುಡುಕಿದ್ದರು. ನಮ್ಮ ಚೆನ್ನೆಮಣೆಯ ಮನೆಯಿಂದ ಮನೆಗೆ ಕಾಯಿ ಹಾಕಿದ ಹಾಗೆ ಅಂತ ಇಟ್ಟುಕೊಳ್ಳಿ.

ಬೈನರಿಯಲ್ಲಿ ಯಾಕೆ ಅಂದರೆ ಅಲ್ಲಿ ಭಾಗಾಕಾರವೇ ಬೇಡ. 31ಕ್ಕೆ ಉದಾಹರಣೆ: 194ರಲ್ಲಿ 32 ಎಷ್ಟು ಸಲ? 6 ಸಲ, ಉಳಿದದ್ದು 2. ಎರಡನ್ನೂ ಕೂಡಿಸು, 8. ಅದೇ 31ರ ಶೇಷ. 9ರ ಶೇಷಕ್ಕೆ ಅಂಕಿ ಕೂಡಿಸಿದೆವಲ್ಲ, ಅದೇ ಉಪಾಯ. 9 ಅಂದರೆ 10ಕ್ಕೆ ಒಂದು ಕಡಿಮೆ, 31 ಅಂದರೆ 32ಕ್ಕೆ ಒಂದು ಕಡಿಮೆ.

1876ರಿಂದ 1951ರವರೆಗೆ, 75 ವರ್ಷ, ಇದಕ್ಕಿಂತ ದೊಡ್ಡ ಅವಿಭಾಜ್ಯ ಯಾರಿಗೂ ಗೊತ್ತಿರಲಿಲ್ಲ. 1951ರಲ್ಲಿ ಫೆರಿಯೆ ಎಂಬವರು ಮೇಜಿನ ಕ್ಯಾಲ್ಕುಲೇಟರಿನಲ್ಲಿ 44 ಅಂಕಿಯದ್ದನ್ನು ಹಿಡಿದರು. ಅದೇ ವರ್ಷ ಕೇಂಬ್ರಿಜ್‌ನ ಎಡ್‌ಸ್ಯಾಕ್ ಕಂಪ್ಯೂಟರ್ 79 ಅಂಕಿಗೆ ಹಾರಿತು. ಅದು ಯಾವುದು ಗೊತ್ತಾ? ಈ ನಮ್ಮ ಸಂಖ್ಯೆಯದ್ದೇ ವರ್ಗ ಮಾಡಿ, 180ರಿಂದ ಗುಣಿಸಿ, 1 ಕೂಡಿಸಿದ್ದು. ಸೋತದ್ದು ತನ್ನದೇ ಮೊಮ್ಮಗನಿಗೆ ಅನ್ನಬಹುದು.

ಗೋಳಿಬಜೆ ಪ್ಲೇಟು · ಮಧ್ಯಾಹ್ನ 12.10

67ರ ಕತೆ ಎಂತ? ತಪ್ಪು ಅಂತ ಹೇಗೆ ಗೊತ್ತಾಯಿತು?

ಮಣಿಪಾಲ್ ಕೋಡರ್ · ಮಧ್ಯಾಹ್ನ 12.25

ಲೂಕಾಸ್ ಅದನ್ನೂ 1876ರಲ್ಲೇ ಅವಿಭಾಜ್ಯ ಅಲ್ಲ ಅಂತ ಹೇಳಿದ್ದರು. ಆದರೆ ಆ ಪರೀಕ್ಷೆ "ಅಲ್ಲ" ಅಂತ ಮಾತ್ರ ಹೇಳುತ್ತದೆ, ಯಾವುದರಿಂದ ಭಾಗವಾಗುತ್ತದೆ ಅಂತ ಹೇಳುವುದಿಲ್ಲ. ಕಳ್ಳ ಮನೆಯೊಳಗೆ ಉಂಟು, ಯಾವ ಕೋಣೆ ಅಂತ ಗೊತ್ತಿಲ್ಲ.

1903ರಲ್ಲಿ ಅಮೆರಿಕದ ಗಣಿತದವರ ಸಭೆಯಲ್ಲಿ ಕೋಲ್ ಎಂಬವರು ಬೋರ್ಡಿನ ಹತ್ತಿರ ಹೋಗಿ, ಒಂದು ಮಾತೂ ಆಡದೆ, 2ರ 67ನೇ ಘಾತಕ್ಕೆ ಒಂದು ಕಡಿಮೆ ಬರೆದರಂತೆ: 147573952589676412927. ಪಕ್ಕದಲ್ಲಿ 193707721 × 761838257287 ಗುಣಿಸಿ ತೋರಿಸಿದರು. ಎರಡೂ ಒಂದೇ. ಹೋಗಿ ಕೂತುಕೊಂಡರು. ಜನ ಚಪ್ಪಾಳೆ ತಟ್ಟಿದರು ಅಂತ ಹೇಳುತ್ತಾರೆ. ನಮ್ಮ ಆಫೀಸಿನ ಮೀಟಿಂಗುಗಳೂ ಹೀಗಿದ್ದರೆ ಎಷ್ಟು ಚೆನ್ನಾಗಿತ್ತು.

ಬಂದರು ರಸ್ತೆ · ಮಧ್ಯಾಹ್ನ 1.02

ಬ್ಯಾಂಕಿನ ಪಾಸ್‌ವರ್ಡಿಗೆಲ್ಲ ದೊಡ್ಡ ಅವಿಭಾಜ್ಯ ಬಳಸುತ್ತಾರಂತಲ್ಲ. ಅಜ್ಜನ ಸಂಖ್ಯೆಯನ್ನು ಹೀಗೆ ಇಲ್ಲಿ ಹಾಕಿದ್ದು ಅಪಾಯ ಅಲ್ವಾ?

ಮಣಿಪಾಲ್ ಕೋಡರ್ · ಮಧ್ಯಾಹ್ನ 1.09

ಇಲ್ಲ. ಮಾಹಿತಿ ಗುಟ್ಟಾಗಿಡುವ ಆರ್‌ಎಸ್‌ಎ ಬೀಗಕ್ಕೆ ಬೇಕಾದದ್ದು ಯಾರಿಗೂ ಗೊತ್ತಿಲ್ಲದ ಎರಡು ಅವಿಭಾಜ್ಯ. ಈಗಿನ 2048 ಬಿಟ್‌ನ ಬೀಗಕ್ಕೆ ಒಂದೊಂದೂ ಸುಮಾರು 300 ಅಂಕಿ. 1876ರಿಂದ ಊರಿಗೆಲ್ಲ ಗೊತ್ತಿರುವ ಸಂಖ್ಯೆಯನ್ನು ಬೀಗದ ಕೈ ಮಾಡಿದರೆ ಕೀಲಿ ಬಾಗಿಲಿಗೇ ತೂಗುಹಾಕಿದ ಹಾಗೆ.

ಪಿಯು ಸೈನ್ಸ್ · ಮಧ್ಯಾಹ್ನ 3.30

ಈಗ ಗೊತ್ತಿರುವ ಅತಿ ದೊಡ್ಡದು ಯಾವುದು?

ಮಣಿಪಾಲ್ ಕೋಡರ್ · ಮಧ್ಯಾಹ್ನ 3.41

ನನಗೆ ಗೊತ್ತಿರುವುದು 2024ರ ಅಕ್ಟೋಬರಿನಲ್ಲಿ ಸಿಕ್ಕಿದ್ದು. 2ರ 136279841ನೇ ಘಾತಕ್ಕೆ ಒಂದು ಕಡಿಮೆ. ಅದೂ ಮರ್ಸೆನ್ ಜಾತಿಯದ್ದೇ, ಈ ಜಾತಿಯಲ್ಲಿ ಸಿಕ್ಕಿದ 52ನೆಯದು. 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಶುರು ಮಾಡಿದ ಜಿಂಪ್ಸ್ ಅಂತ ಒಂದು ಕೂಟ ಉಂಟು, ಜಗತ್ತಿನ ಯಾರು ಬೇಕಾದರೂ ತಮ್ಮ ಕಂಪ್ಯೂಟರ್ ಕೊಟ್ಟು ಸೇರಬಹುದು. ಅದರಲ್ಲಿದ್ದ ಲ್ಯೂಕ್ ಡ್ಯುರಾಂಟ್ ಎಂಬವರಿಗೆ ಸಿಕ್ಕಿತು. ಗ್ರಾಫಿಕ್ಸ್ ಕಾರ್ಡಿನ ಸರ್ವರುಗಳನ್ನು ಕಟ್ಟಿಹಾಕಿ ಹುಡುಕಿದರು. ಕೊನೆಗೆ ದೃಢ ಮಾಡಿದ್ದು ಲೂಕಾಸ್–ಲೆಹ್ಮರ್ ಪರೀಕ್ಷೆಯಿಂದಲೇ. ಮಾಸ್ಟ್ರು ಮೇಲೆ 127ಕ್ಕೆ ಮಾಡಿ ತೋರಿಸಿದರಲ್ಲ, ಅದೇ.

ಎಷ್ಟು ಅಂಕಿ ಅಂತ ಬೇಕಾದರೆ ನೀವೇ ಲೆಕ್ಕ ಹಾಕಿ.

ನಿವೃತ್ತ ಮಾಸ್ಟ್ರು · ಸಂಜೆ 4.20

ಹಾಕಿದೆ. ಲಾಗ್ ಪುಸ್ತಕ ಇನ್ನೂ ಉಂಟು ನನ್ನ ಹತ್ತಿರ. 2ರ ಲಾಗ್ 0.3010. 136279841 ಗುಣಿಸು 0.3010, ಬಂದದ್ದು 41020232 ಚಿಲ್ಲರೆ. ಒಂದು ಕೂಡಿಸಿ 41020233 ಅಂಕಿ.

ಮಣಿಪಾಲ್ ಕೋಡರ್ · ಸಂಜೆ 4.24

ಮಾಸ್ಟ್ರೆ, ಕ್ಷಮಿಸಿ, 4087 ಅಂಕಿ ಕಡಿಮೆ ಬಿತ್ತು.

ನಿವೃತ್ತ ಮಾಸ್ಟ್ರು · ಸಂಜೆ 4.50

ಹೌದಲ್ಲ! ನಾಲ್ಕು ಸ್ಥಾನದ ಲಾಗ್ ಇಷ್ಟು ದೊಡ್ಡದಕ್ಕೆ ಸಾಲುವುದಿಲ್ಲ. 0.30103 ಹಾಕಿದೆ, 41024320.5 ಬಂತು. ಹಾಗಾದರೆ 41024321 ಅಂಕಿಯಾ?

ಮಣಿಪಾಲ್ ಕೋಡರ್ · ಸಂಜೆ 4.53

ಈಗ ಒಂದೇ ಒಂದು ಜಾಸ್ತಿ. 0.30102999566 ಹಾಕಿ.

ನಿವೃತ್ತ ಮಾಸ್ಟ್ರು · ಸಂಜೆ 5.15

41024319.945. ಅಂದರೆ 41024320 ಅಂಕಿ. ಚಿಲ್ಲರೆ 0.945ರ ಪ್ರತಿಲಾಗ್ 8.8, ಹಾಗಾಗಿ ಸಂಖ್ಯೆ 88ರಿಂದ ಶುರು. ಬೆಳಿಗ್ಗೆಯಿಂದ ಒಬ್ಬೊಬ್ಬರಿಗೂ ಅವಸರ ಮಾಡಬೇಡಿ ಅಂತ ಹೇಳಿ ನಾನೇ ಎರಡು ಸಲ ಬಿದ್ದೆ. ಪಿಯು ಸೈನ್ಸ್ ನಗಬಹುದು.

ಗೋಳಿಬಜೆ ಪ್ಲೇಟು · ಸಂಜೆ 5.40

ನಾಲ್ಕು ಕೋಟಿ ಅಂಕಿ! ನಾನು ನನ್ನ ಲೆಕ್ಕ ಹಾಕಿದೆ. ಯಕ್ಷಗಾನದ ಭಾಗವತರು ರಾತ್ರಿ ಒಂಬತ್ತಕ್ಕೆ ಕೂತು ಬೆಳಿಗ್ಗೆ ಆರರವರೆಗೆ, ಸೆಕೆಂಡಿಗೆ ಒಂದು ಅಂಕಿಯ ಹಾಗೆ, ಚಾ ಕುಡಿಯಲೂ ಏಳದೆ ಓದುತ್ತಾರೆ ಅಂತ ಇಟ್ಟುಕೊಳ್ಳಿ. ಒಂದು ಆಟಕ್ಕೆ 32400 ಅಂಕಿ. ಮುಗಿಯಲು 1267 ಆಟ ಬೇಕಂತೆ. ಮೇಳ ವರ್ಷಕ್ಕೆ ಸುಮಾರು 180 ರಾತ್ರಿ ತಿರುಗಾಟ ಮಾಡಿದರೂ ಏಳು ಸಲ, ತಿರುಗಾಟ ಮುಗಿಯುವ ಪತ್ತನಾಜೆಗೆ ಗೆಜ್ಜೆ ಬಿಚ್ಚಬೇಕು. ಅಷ್ಟರಲ್ಲಿ ಚೆಂಡೆಯವನು ಮೇಳ ಬಿಟ್ಟಿರುತ್ತಾನೆ.

ಪಿಯು ಸೈನ್ಸ್ · ಸಂಜೆ 6.05

ಕೊನೆಯ ಮೂರು ಅಂಕಿ ನಾನು ಹೇಳಬಲ್ಲೆ, ಈ ಸಲ ತಾಳೆ ನೋಡಿಯೇ ಹೇಳುತ್ತೇನೆ. ಮೂರನೇ ಸಾಲಿನ ನಂತರ 2ರ ಘಾತಗಳ ಕೊನೆಯ ಮೂರು ಅಂಕಿ ನೂರು ಸಾಲಿಗೊಮ್ಮೆ ಅದೇ ಬರುತ್ತದೆ. 136279841ರ ಕೊನೆ 41. ಹಾಗಾಗಿ 41ನೇ ಸಾಲಿನ ಕೊನೆಯೇ ಇದರ ಕೊನೆ. ಅಕ್ಕ, ಅಜ್ಜನ ಪುಸ್ತಕದ 41ನೇ ಸಾಲು ನೋಡುತ್ತೀರಾ?

ಕಲ್ಯಾಣಪುರದ ಮೊಮ್ಮಗಳು · ಸಂಜೆ 6.30

2199023255552. ಅಂಚಿನಲ್ಲಿ 5.

ನಿನ್ನ ನೂರರ ಮಾತೂ ನೋಡಿದೆ. 27ನೇ ಸಾಲು 134217728, 127ನೇ ಸಾಲಿನ ಕೊನೆಯೂ 728. ಹೌದು ಮಾರಾಯ!

ಪಿಯು ಸೈನ್ಸ್ · ಸಂಜೆ 6.34

552ರಲ್ಲಿ ಒಂದು ಕಳೆದು 551. ನಾಲ್ಕು ಕೋಟಿ ಅಂಕಿಯ ಸಂಖ್ಯೆ 551ರಲ್ಲಿ ಮುಗಿಯುತ್ತದೆ. ಅಂಕಿ ಕೂಡಿಸುತ್ತಾ ಹೋದರೆ 4 ಉಳಿಯಬೇಕು. ಘಾತವನ್ನು 6ರಿಂದ ಭಾಗಿಸಿದರೆ ಶೇಷ 5, ಐದನೇ ಸಾಲಿನ ಅಂಚು 5, ಒಂದು ಕಳೆದು 4.

ಮಣಿಪಾಲ್ ಕೋಡರ್ · ಸಂಜೆ 6.50

551 ಸರಿ. 1974ರ ನೋಟ್‌ಬುಕ್ಕಿನಲ್ಲಿ 2024ರ ಸಂಖ್ಯೆಯ ಬಾಲ ಸಿಕ್ಕಿತು. ನನಗೆ ಇವತ್ತಿಗೆ ಇಷ್ಟು ಸಾಕು.

ಕಲ್ಯಾಣಪುರದ ಮೊಮ್ಮಗಳು · ರಾತ್ರಿ 8.15

"2, 3, 7, 127, ಇದು. ಮುಂದೆ?" ಅಂತ ಬರೆದದ್ದು ಎಂತ ಅಂತ ಯಾರೂ ಹೇಳಲಿಲ್ಲ.

ನಿವೃತ್ತ ಮಾಸ್ಟ್ರು · ರಾತ್ರಿ 8.40

ಅದು ಸರಪಳಿ. 2ರ 2ನೇ ಘಾತಕ್ಕೆ ಒಂದು ಕಡಿಮೆ 3. 2ರ 3ನೇ ಘಾತಕ್ಕೆ ಒಂದು ಕಡಿಮೆ 7. 7ನೇ ಘಾತಕ್ಕೆ 127. 127ನೇ ಘಾತಕ್ಕೆ ಚೌಕದಲ್ಲಿರುವ ಸಂಖ್ಯೆ. ಎಲ್ಲವೂ ಅವಿಭಾಜ್ಯ. ಲೂಕಾಸ್ ಹೇಳಿದ ವರ್ಷವೇ ಕತಲಾನ್ ಎಂಬವರು ಈ ಸರಪಳಿಯನ್ನು ಎತ್ತಿ ತೋರಿಸಿದರು. ಮುಂದಿನ ಕೊಂಡಿ 2ರ ಆ 39 ಅಂಕಿಯ ಘಾತಕ್ಕೆ ಒಂದು ಕಡಿಮೆ. ಅದು ಅವಿಭಾಜ್ಯವಾ ಅಲ್ಲವಾ ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಮಣಿಪಾಲ್ ಕೋಡರ್ · ರಾತ್ರಿ 8.58

ಸಾಕು ಅಂದೆ, ಆದರೆ ಇದನ್ನು ಬಿಡಲು ಆಗುವುದಿಲ್ಲ. ಆ ಸಂಖ್ಯೆಗೆ ಎಷ್ಟು ಅಂಕಿ ಅಂತ ಬರೆಯಲಿಕ್ಕೇ 38 ಅಂಕಿ ಬೇಕು. ವಿಶ್ವ ಹುಟ್ಟಿದ 1380 ಕೋಟಿ ವರ್ಷದಿಂದ ಸೆಕೆಂಡಿಗೊಂದು ಅಂಕಿ ಬರೆಯುತ್ತಾ ಬಂದಿದ್ದರೂ ಅದರ ಒಂದು ಚೂರೂ ಆಗುತ್ತಿರಲಿಲ್ಲ. ಅಂಥ ಹನ್ನೆರಡು ಲಕ್ಷ ಕೋಟಿ ಕೋಟಿ ವಿಶ್ವ ಬೇಕು. ಲೂಕಾಸ್ ಪರೀಕ್ಷೆಯೂ ಇಲ್ಲಿ ಕೈ ಚೆಲ್ಲುತ್ತದೆ, ಯಾಕಂದರೆ ಹೆಜ್ಜೆಗಳ ಲೆಕ್ಕವೇ ಅಜ್ಜನ ಚೌಕದ ಸಂಖ್ಯೆಗೆ ಎರಡು ಕಡಿಮೆ. ಅದೃಷ್ಟ ಇದ್ದರೆ ಯಾವುದಾದರೂ ಸಣ್ಣ ಭಾಜಕ ಸಿಕ್ಕಿ ಸರಪಳಿ ತುಂಡಾಗಬಹುದು, ಅಷ್ಟೇ.

ಕಲ್ಯಾಣಪುರದ ಮೊಮ್ಮಗಳು · ಸೋಮವಾರ ರಾತ್ರಿ 9.10

ಇವತ್ತು ಪುಟ ಒಂದೊಂದೇ ಬಿಡಿಸಿ ಬಿಸಿಲಿಗೆ ಇಟ್ಟಿದ್ದೆ. ಚೌಕದ ಪುಟಕ್ಕೆ ಮುಂದಿನದು ಅಂಟಿಕೊಂಡಿತ್ತು. ಅದರಲ್ಲೂ ಬರೆದಿದ್ದಾರೆ:

4
14
194
37634
1416317954
2005956546822746114

ಅದರ ಕೆಳಗೆ 37 ಅಂಕಿಯ ಇನ್ನೊಂದು. ಆಮೇಲೆ ಖಾಲಿ. ಮಾಸ್ಟ್ರು ಹೇಳಿದ 4, 14, 194 ಇದೇ ಅಲ್ವಾ? ಅಜ್ಜ ತಾನೇ ಪರೀಕ್ಷೆ ಮಾಡಲು ಹೊರಟಿದ್ದರು! ಆದರೆ ಅಂಚಿನಲ್ಲಿ ಈ ಸಲ 4, ಆಮೇಲೆ ಬರೀ 5, 5, 5, 5, 5, 5. ಇದೇನು, ತಾಳೆ ನೋಡುವುದು ಬಿಟ್ಟರಾ?

ಪಿಯು ಸೈನ್ಸ್ · ರಾತ್ರಿ 9.32

ಬಿಟ್ಟಿಲ್ಲ ಅಕ್ಕ, ಸರಿಯಾಗಿಯೇ ಉಂಟು. 14ರ ಅಂಚು 1+4=5. ಅಂಚು 5 ಇದ್ದರೆ ವರ್ಗದ್ದು 25, ಎರಡು ಕಳೆದು 23, 2+3=5. ಮತ್ತೆ 5. ಎಷ್ಟು ಸಲ ಮಾಡಿದರೂ 5ರಲ್ಲೇ ಸುತ್ತುತ್ತದೆ. 1416317954 ಕೂಡಿಸಿ ನೋಡಿದೆ, 41, ಅಂದರೆ 5. ಅದರ ಕೆಳಗಿನದು 77, ಅಂದರೆ 14, ಅಂದರೆ 5. ನೀವು ಈ ಸಲ ಟೈಪ್ ಮಾಡಿದ್ದೂ ಸರಿ ಉಂಟು.

ಅಜ್ಜ ನಿಂತದ್ದು ಯಾಕೆ ಅಂತಲೂ ಗೊತ್ತಾಯಿತು. 37 ಅಂಕಿಯವರೆಗೆ ಭಾಗಿಸುವ ಕೆಲಸ ಇಲ್ಲ, ನಮ್ಮ ಸಂಖ್ಯೆ 39 ಅಂಕಿ. ಮುಂದಿನ ವರ್ಗ 74 ಅಂಕಿ. ಅಲ್ಲಿಂದ ನಿಜವಾದ ಭಾಗಾಕಾರ ಶುರು. 125ರಲ್ಲಿ 6 ಹೆಜ್ಜೆ ಆಗಿದೆ, 119 ಬಾಕಿ.

ಏಳನೆಯದು ನಾನು ಕೈಯಲ್ಲೇ ಮಾಡಿ ನೋಡುತ್ತೇನೆ. ಅಂಚು 5 ಬಂದರೆ ಸರಿ ಅಂತ ಅರ್ಥ ಅಲ್ವಾ ಮಾಸ್ಟ್ರೆ?

ನಿವೃತ್ತ ಮಾಸ್ಟ್ರು · ರಾತ್ರಿ 9.50

ಭಾಗಿಸುವ ಮೊದಲು 5. ಭಾಗಿಸಿದ ಮೇಲೆ ಬೇರೆ. ಚೌಕದ ಸಂಖ್ಯೆಯ ಅಂಚು 1, ಹಾಗಾಗಿ ಭಾಗಲಬ್ಧದ ಅಂಚು ಎಷ್ಟೋ ಅಷ್ಟನ್ನು 5ರಿಂದ ಕಳೆ, ಸಾಲದಿದ್ದರೆ 9 ಕೂಡಿಸಿಕೊಂಡು ಕಳೆ. ಭಾಗಲಬ್ಧವೇ 35 ಅಂಕಿ ಬರುತ್ತದೆ. ಅಗಲದ ಕಾಗದ ತೆಗೆದುಕೋ.

ಪಿಯು ಸೈನ್ಸ್ · ರಾತ್ರಿ 9.53

ಅಜ್ಜನ ಪುಸ್ತಕದಲ್ಲಿ ಆ ಪುಟ ಖಾಲಿ ಉಂಟು ಅಂದರಲ್ಲ ಅಕ್ಕ...

ಕಲ್ಯಾಣಪುರದ ಮೊಮ್ಮಗಳು · ರಾತ್ರಿ 10.01

ಆ ಪುಸ್ತಕ ಅಮ್ಮ ಆಗಲೇ ದೇವರ ಕೋಣೆಯ ಕಪಾಟಿಗೆ ಸೇರಿಸಿ ಆಯಿತು. ಜೆರಾಕ್ಸ್ ಮಾಡಿಸಿ ಇಡುತ್ತೇನೆ, ಸಂತೆಕಟ್ಟೆಗೆ ಬಂದಾಗ ತೆಗೆದುಕೊಂಡು ಹೋಗು. ಪೆನ್ಸಿಲಿನಲ್ಲೇ ಬರೆ.